ಕಡ್ಲೆಬೀಜದ ಸಾರ್ಟರ್: ಸಿಪಿಯು ಅರ್ಧಕ್ಕಿಂತ ಹೆಚ್ಚು ಖಾಲಿ, ಆದರೂ ವಾಲ್ವ್ ತಡ. ಮೆಮೊರಿ ಕಾರಣ ಇರಬಹುದಾ?

ಶಿರಾ_ಕಡ್ಲೆ

ಎಲ್ರಿಗೂ ನಮಸ್ಕಾರ. ಶಿರಾ ಹತ್ರ ನಮ್ದು ಕಡ್ಲೆಕಾಯಿ ಸುಲಿದು ಬೀಜ ವಿಂಗಡಿಸೋ ಘಟಕ. ಹಳೇ ಕಲರ್ ಸಾರ್ಟರಿನ ಕಂಟ್ರೋಲ್ ಕಾರ್ಡ್ ಹೋದ ಮೇಲೆ ಬಿಡಿಭಾಗ ಸಿಗಲಿಲ್ಲ. ಚ್ಯೂಟ್, ಲೈಟು, ಏರ್ ವಾಲ್ವ್ ಎಲ್ಲ ಗಟ್ಟಿಯಾಗೇ ಇದ್ವು. ಹಾಗಾಗಿ ನಾಲ್ಕು ಕೋರಿನ ಎಆರ್‌ಎಂ ಬೋರ್ಡ್, 2 ಜಿಬಿ ಮೆಮೊರಿ, ಲಿನಕ್ಸ್, ಒಂದು ಕ್ಯಾಮೆರಾ ಹಾಕಿ ನಾನೂ ನನ್ನ ತಮ್ಮನೂ ಹೊಸ ಕಂಟ್ರೋಲ್ ಕಟ್ಟಿದೀವಿ. ಪ್ರೋಗ್ರಾಂ ಸಿ ಪ್ಲಸ್ ಪ್ಲಸ್‌ನಲ್ಲಿದೆ.

ಲೆಕ್ಕ ಹೀಗಿದೆ. ಚ್ಯೂಟ್ ಬಿಟ್ಟ ಬೀಜ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಬೀಳತ್ತೆ. ಕ್ಯಾಮೆರಾ ನೋಡೋ ಗೆರೆಯಿಂದ ಗಾಳಿ ಹೊಡೆಯೋ ನಾಝಲ್‌ಗೆ 15 ಸೆಂಟಿಮೀಟರ್. ಅಂದ್ರೆ ನಮ್ಮ ಕೈಲಿರೋದು 50 ಮಿಲಿಸೆಕೆಂಡ್. ಚಿತ್ರ ನೋಡಿ ತೀರ್ಮಾನ ಮಾಡೋಕೆ 10 ಸಾಕು. ಆಮೇಲೆ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ತಾನೇ ಬೇರೆಯಾಗಿ ಓಡೋ ಒಂದು ಕೆಲಸ) ಸರಿಯಾದ ಕ್ಷಣದ ತನಕ ಮಲಗಿದ್ದು, ಎದ್ದು ವಾಲ್ವ್ ತೆರೀಬೇಕು. 1 ಮಿಲಿಸೆಕೆಂಡ್ ತಡ ಆದ್ರೆ ಬೀಜ 3 ಮಿಲಿಮೀಟರ್ ಕೆಳಗಿರತ್ತೆ. 5 ತಡ ಆದ್ರೆ ಒಂದು ಬೀಜದ ಉದ್ದವೇ ತಪ್ಪೋಯ್ತು. ಬೂಷ್ಟು ಹಿಡಿದಿದ್ದು ಒಳ್ಳೇ ರಾಶಿಗೆ ಬೀಳತ್ತೆ, ಅದರ ಹಿಂದೆ ಬರ್ತಿದ್ದ ಒಳ್ಳೇ ಬೀಜ ಹೊರಗೆ ಹಾರತ್ತೆ.

ಬೂಷ್ಟು ಬೀಜದಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಅದು ಲಿವರಿಗೆ ಕ್ಯಾನ್ಸರ್ ತರೋಂಥದ್ದು. ನೇರವಾಗಿ ತಿನ್ನೋ ಕಡ್ಲೆಬೀಜಕ್ಕೆ ಯುರೋಪಿನವರು ಇಟ್ಟಿರೋ ಮಿತಿ ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ. ನಮ್ಮ ಬೀಜ ಯುರೋಪಿಗೆ ಹೋಗಲ್ಲ, ನಮ್ಮೂರ ಮಕ್ಕಳ ಚಿಕ್ಕಿಗೆ ಹೋಗತ್ತೆ. ಅದಕ್ಕೇ ಇದನ್ನ ಬಿಡೋ ಮನಸ್ಸಿಲ್ಲ.

ತೊಂದರೆ ಏನಂದ್ರೆ, ಶುರು ಮಾಡಿದ ಮೇಲೆ ಬಹಳ ಹೊತ್ತು ಚೆನ್ನಾಗಿ ಓಡತ್ತೆ. ಆಮೇಲೆ ಇದ್ದಕ್ಕಿದ್ದಂತೆ ಒಂದಷ್ಟು ಹೊಡೆತ ತಪ್ಪತ್ತೆ, ತಿರುಗಾ ಸರಿ ಹೋಗತ್ತೆ. ತಿರಸ್ಕಾರ ಆದ ಬೀಜಗಳ ಫೋಟೋ ಪೆನ್‌ಡ್ರೈವ್‌ಗೆ ಹೋಗ್ತಿರೋವಾಗ ಇದು ಜಾಸ್ತಿ. ಸಿಪಿಯು ಬಳಕೆ ನೂರಕ್ಕೆ ನಲವತ್ತು ದಾಟಲ್ಲ. ವಾಲ್ವ್ ಥ್ರೆಡ್ಡಿಗೆ ರಿಯಲ್‌ಟೈಮ್ ಆದ್ಯತೆ 80 ಕೊಟ್ಟಿದೀನಿ. ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿಗೆ ಇಳಿಸೋದು) ಕೂಡ ಆಫ್. ಆದರೂ ಯಾಕೆ?

ಹಿರೇಹಳ್ಳಿ_ನ್ಯೂಮ್ಯಾಟಿಕ್

ಅಣ್ಣ, ಮೊದಲು ಗಾಳಿ ನೋಡಿ. ಕಂಪ್ರೆಸರ್ ಕಟ್-ಇನ್ ಆಗೋ ಹೊತ್ತಿಗೆ ಪ್ರೆಷರ್ ಬಿದ್ರೂ ಹೀಗೇ ಆಗತ್ತೆ. ಫಿಲ್ಟರಲ್ಲಿ ನೀರು ನಿಂತಿದ್ರೆ ವಾಲ್ವ್ ಸ್ಪೂಲ್ ಹಿಡ್ಕೊಳ್ಳತ್ತೆ. ಸಾಫ್ಟ್‌ವೇರ್ ಮೇಲೆ ಅನುಮಾನ ಪಡೋಕೆ ಮುಂಚೆ ಇದನ್ನ ತಳ್ಳಿಹಾಕಿ.

ಶಿರಾ_ಕಡ್ಲೆ

ಸರಿಯಾದ ಮಾತು ಅಣ್ಣ. ಪ್ರೆಷರ್ ಗೇಜ್ ಅಲ್ಲಾಡ್ತಿಲ್ಲ. ಆಸಿಲೋಸ್ಕೋಪ್ ತಂದು ಬೋರ್ಡಿನ ಪಿನ್ ಮೇಲೇ ನೋಡಿದ್ವಿ. ಸಿಗ್ನಲ್ಲೇ ತಡವಾಗಿ ಹೊರಡ್ತಿದೆ. ಸಾಮಾನ್ಯವಾಗಿ ತಡ ಒಂದು ಮಿಲಿಸೆಕೆಂಡಿನ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ತಪ್ಪಿದಾಗ ಮಾತ್ರ 20, 30 ಮಿಲಿಸೆಕೆಂಡ್ ತನಕ ಹೋಗತ್ತೆ. ಗಾಳಿದಲ್ಲ.

ಮಾಲೂರು_ವಿದ್ಯಾರ್ಥಿ

ಸರ್, ಆದ್ಯತೆ 99 ಕೊಟ್ಟು ನೋಡಿ. 80 ಯಾಕೆ ಇಟ್ರಿ?

ಗೌರಿಬಿದನೂರು_ಪಾಠದ_ಮೇಡಂ

99 ಕೊಟ್ಟರೂ ಇದು ಸರಿಹೋಗುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಈ ವಿಷಯ ನಮ್ಮ ತರಗತಿಗಳಲ್ಲಿ ಎರಡು ಬೇರೆ ಬೇರೆ ಅಧ್ಯಾಯಗಳಾಗಿ ಹಂಚಿಹೋಗಿರುತ್ತದೆ. ಶೆಡ್ಯೂಲಿಂಗ್ (ಸಿಪಿಯು ಸರದಿ) ಒಂದು ಕಡೆ, ಮೆಮೊರಿ ಇನ್ನೊಂದು ಕಡೆ. ಯಂತ್ರದೊಳಗೆ ಅವೆರಡೂ ಒಂದೇ ಕಡೆ ಸೇರುತ್ತವೆ.

ಆದ್ಯತೆ ಎನ್ನುವುದು ಸಿಪಿಯು ಯಾರಿಗೆ ಮೊದಲು ಸಿಗಬೇಕು ಎಂಬುದನ್ನಷ್ಟೇ ಹೇಳುತ್ತದೆ. ಥ್ರೆಡ್ ಓಡಲು ಶುರುಮಾಡಿದ ಮೇಲೆ ತನಗೆ ಬೇಕಾದ ಪೇಜ್ (ಮೆಮೊರಿ ಹಂಚುವ ಸಣ್ಣ ತುಂಡು) ಮೆಮೊರಿಯಲ್ಲಿ ಇಲ್ಲದಿದ್ದರೆ ಅದು ನಿಲ್ಲಲೇಬೇಕು. ಆಗ ಆದ್ಯತೆ 1 ಇದ್ದರೂ 99 ಇದ್ದರೂ ಪ್ರೋಗ್ರಾಂ ಇರುವ ಎಸ್‌ಡಿ ಕಾರ್ಡ್ ಬೇಗ ಓದಿಕೊಡುವುದಿಲ್ಲ.

ಪ್ರೋಗ್ರಾಂ ಶುರುವಾದಾಗ ಅದರ ಪೇಜ್‌ಗಳೆಲ್ಲ ಮೆಮೊರಿಗೆ ಬಂದಿರುವುದಿಲ್ಲ. ಮುಟ್ಟಿದಾಗ ಮಾತ್ರ ತರುವುದು ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ರೀತಿ. ಒಂದು ಪೇಜ್ ಸಾಮಾನ್ಯವಾಗಿ 4 ಕೆಬಿ. ಮುಟ್ಟಿದ ಪೇಜ್ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗುತ್ತದೆ. ಮೆಮೊರಿಯಲ್ಲೇ ಎಲ್ಲೋ ಸಿಕ್ಕಿದರೆ ಮೈನರ್ ಫಾಲ್ಟ್, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಡಿಸ್ಕಿನಿಂದಲೋ ಕಾರ್ಡಿನಿಂದಲೋ ಓದಬೇಕಾದರೆ ಮೇಜರ್ ಫಾಲ್ಟ್, ಮಿಲಿಸೆಕೆಂಡುಗಳೇ ಬೇಕು. ಅದೇ ಹೊತ್ತಿಗೆ ಕಾರ್ಡಿಗೆ ಬರವಣಿಗೆ ನಡೆಯುತ್ತಿದ್ದರೆ ಅದಕ್ಕಿಂತಲೂ ಹೆಚ್ಚು ಕಾಯಬೇಕಾಗಬಹುದು. ನೀವು ಕಂಡ 20, 30 ಮಿಲಿಸೆಕೆಂಡ್ ಈ ಜಾತಿಯದು ಎಂದು ನನ್ನ ಊಹೆ.

ಸ್ವಾಪ್ ಆಫ್ ಮಾಡಿದ್ದೇನೆ ಎಂದಿರಿ. ಇಲ್ಲಿ ಬಹಳ ಜನ ನಿಶ್ಚಿಂತರಾಗಿಬಿಡುತ್ತಾರೆ. ಸ್ವಾಪ್ ಇಲ್ಲದಿದ್ದರೆ ಮಾಲಾಕ್‌ನಿಂದ (ಪ್ರೋಗ್ರಾಂ ಮೆಮೊರಿ ಕೇಳುವ ಕರೆ) ಪಡೆದ ಡೇಟಾ ಪೇಜ್‌ಗಳು ಹೊರಹೋಗಲು ಜಾಗವಿಲ್ಲ, ನಿಜ. ಆದರೆ ನಿಮ್ಮ ಪ್ರೋಗ್ರಾಮಿನ ಕೋಡ್, ಅದು ಬಳಸುವ ಲೈಬ್ರರಿಗಳು ಕಾರ್ಡಿನ ಫೈಲಿನಲ್ಲೇ ಇವೆಯಲ್ಲ? ಆ ಪೇಜ್‌ಗಳನ್ನು ಕರ್ನಲ್ ಯಾವಾಗ ಬೇಕಾದರೂ ಬಿಟ್ಟುಬಿಡಬಹುದು, ಬೇಕಾದಾಗ ಮತ್ತೆ ಓದಿದರಾಯಿತು ಎಂಬ ಲೆಕ್ಕ. ಫೋಟೋಗಳನ್ನು ಬರೆಯುತ್ತ ಹೋದಂತೆ ಪೇಜ್ ಕ್ಯಾಶ್ (ಫೈಲುಗಳ ನಕಲು ಇಡುವ ಮೆಮೊರಿ) ಬೆಳೆಯುತ್ತದೆ, ಖಾಲಿ ಮೆಮೊರಿ ಇಳಿಯುತ್ತದೆ. ಪೆನ್‌ಡ್ರೈವ್ ನಿಧಾನವಾದ್ದರಿಂದ ಇನ್ನೂ ಬರೆದು ಮುಗಿಯದ ಪೇಜ್‌ಗಳು ಗುಡ್ಡೆಯಾಗುತ್ತವೆ. ಅವನ್ನು ಒಡನೆ ಬಿಡಿಸಿಕೊಳ್ಳಲಾಗದು. ಒಡನೆ ಬಿಡಿಸಿಕೊಳ್ಳಬಹುದಾದವುಗಳಲ್ಲಿ ನಿಮ್ಮ ಕೋಡ್ ಪೇಜ್‌ಗಳೂ ಸೇರಿವೆ. ಕೆಟ್ಟ ಬೀಜ ಅಪರೂಪಕ್ಕೆ ಬರುವುದರಿಂದ ಅದನ್ನು ಹೊಡೆಯುವ ಕೋಡ್ ಕೂಡ ಅಪರೂಪಕ್ಕೆ ಓಡುತ್ತದೆ. ಬಹಳ ಹೊತ್ತು ಯಾರೂ ಮುಟ್ಟದ ಪೇಜ್ ಎಂದು ಕರ್ನಲ್ ಅದನ್ನೇ ಮೊದಲು ಕಳಿಸಬಹುದು.

ಇನ್ನೊಂದು ದಾರಿಯೂ ಇದೆ. ಕರ್ನಲ್ ಖಾಲಿ ಮೆಮೊರಿಗೆ ಮೂರು ಗುರುತು ಇಟ್ಟುಕೊಂಡಿರುತ್ತದೆ: ಹೈ, ಲೋ, ಮಿನ್. ಲೋಗಿಂತ ಕೆಳಗಿಳಿದರೆ ಕೆಸ್ವಾಪ್‌ಡಿ ಎಂಬ ಹಿನ್ನೆಲೆಯ ಥ್ರೆಡ್ ಎದ್ದು ಹೈ ಮುಟ್ಟುವವರೆಗೂ ಪೇಜ್ ಬಿಡಿಸುತ್ತದೆ. ಅದರ ಕೈಗೂ ಮೀರಿ ಮಿನ್ ತಲುಪಿದರೆ, ಆ ಕ್ಷಣದಲ್ಲಿ ಮೆಮೊರಿ ಕೇಳಿದವರೇ ನಿಂತು ಪೇಜ್ ಹುಡುಕಿ ಬಿಡಿಸಬೇಕು. ಇದಕ್ಕೆ ಡೈರೆಕ್ಟ್ ರಿಕ್ಲೇಮ್ ಎನ್ನುತ್ತಾರೆ. ನಿಮ್ಮ ವಾಲ್ವ್ ಥ್ರೆಡ್ ಆ ಹೊತ್ತಿಗೆ ಒಂದು ಸಣ್ಣ ಬಫರ್ ಕೇಳಿದರೆ ಸಾಕು, ಊರಿನ ಕಸ ಗುಡಿಸುವ ಕೆಲಸ ಅದರ ತಲೆಗೆ ಬರುತ್ತದೆ. ಕೆಲಸ ಅದರದೇ ಹೆಸರಿನಲ್ಲಿ, ಅದರದೇ ಆದ್ಯತೆಯಲ್ಲಿ ನಡೆಯುತ್ತದೆ. ಹಾಗಾಗಿ 99 ಕೊಟ್ಟರೆ ಗುಡಿಸುವುದೂ 99ರಲ್ಲೇ ಆಗುತ್ತದೆ, ಅಷ್ಟೇ.

ಶಿರಾದವರೇ, ನಿಮ್ಮ ಪ್ರೋಗ್ರಾಮಿನ ಮೇಜರ್ ಫಾಲ್ಟ್ ಎಣಿಕೆ ನೋಡಿ ಹೇಳಿ. ಪಿಎಸ್ ಆದೇಶದಲ್ಲೇ ಸಿಗುತ್ತದೆ. ಹಾಗೆಯೇ ಪ್ರಾಕ್ (ಕರ್ನಲ್ ತನ್ನ ಎಣಿಕೆಗಳನ್ನು ತೋರಿಸುವ ಫೋಲ್ಡರ್) ಕೆಳಗಿನ ವಿಎಂಸ್ಟ್ಯಾಟ್ ಫೈಲಿನಲ್ಲಿ ಅಲಾಕ್‌ಸ್ಟಾಲ್ ಎಂದು ಶುರುವಾಗುವ ಸಾಲುಗಳು (ಡೈರೆಕ್ಟ್ ರಿಕ್ಲೇಮ್ ಎಣಿಕೆ) ಏರುತ್ತಿವೆಯೇ ನೋಡಿ.

ಶಿರಾ_ಕಡ್ಲೆ

ಮೇಡಂ, ಎರಡೂ ಏರ್ತಿದೆ! ಫೋಟೋ ನಕಲು ಆಗೋವಾಗ ಮೇಜರ್ ಫಾಲ್ಟ್ ಕಣ್ಣೆದುರೇ ಓಡತ್ತೆ. ಅಲಾಕ್‌ಸ್ಟಾಲ್ ಅಷ್ಟೊಂದಿಲ್ಲ, ಆದ್ರೆ ಇದೆ. ಇಷ್ಟು ದಿನ ಸಿಪಿಯು ಗ್ರಾಫ್ ಮಾತ್ರ ನೋಡ್ತಾ ಕೂತಿದ್ವಿ, ಅದರಲ್ಲಿ ಇದರ ಸುಳಿವೇ ಇರಲಿಲ್ಲ.

ಹಿರೇಹಳ್ಳಿ_ನ್ಯೂಮ್ಯಾಟಿಕ್

ಇದಕ್ಕೆ ಒಂದು ಸುಲಭ ದಾರಿ ಕೇಳಿದೀನಿ. ಐದು ನಿಮಿಷಕ್ಕೊಂದು ಸಲ ಡ್ರಾಪ್ ಕ್ಯಾಶಸ್ ಅಂತ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋದು) ಹಾಕಿದ್ರೆ ಮೆಮೊರಿ ಖಾಲಿ ಆಗತ್ತಂತೆ. ನಮ್ಮ ಪರಿಚಯದವರು ಬಿಲ್ಲಿಂಗ್ ಸಿಸ್ಟಂನಲ್ಲಿ ಹಾಕಿದಾರೆ.

ವಸಂತನರಸಾಪುರ_ಸಿಎನ್‌ಸಿ

ದಯವಿಟ್ಟು ಬೇಡ ಅಣ್ಣ. ಬಿಲ್ಲಿಂಗ್ ಸಿಸ್ಟಂ ಅರ್ಧ ಸೆಕೆಂಡ್ ನಿಂತ್ರೆ ಗಿರಾಕಿಗೂ ಗೊತ್ತಾಗಲ್ಲ. ಇಲ್ಲಿ ಕ್ಯಾಶ್ ಬೀಳಿಸಿದ್ರೆ ಬೇಕಾದ ಫೈಲ್ ಪೇಜ್ ಕೂಡ ಹೋಗತ್ತೆ, ತಿರುಗಾ ಕಾರ್ಡಿಂದ ಓದಬೇಕು. ಅಪರೂಪಕ್ಕೆ ಬರ್ತಿದ್ದ ತೊಂದರೆಗೆ ಐದು ನಿಮಿಷಕ್ಕೊಂದು ಸಲ ಮುಹೂರ್ತ ಇಟ್ಟ ಹಾಗೆ. "ಫ್ರೀ" ಅಂತ ತೋರಿಸೋ ಸಂಖ್ಯೆ ದೊಡ್ಡದಿದ್ರೆ ಯಂತ್ರ ಚೆನ್ನಾಗಿದೆ ಅನ್ನೋ ನಂಬಿಕೆ ಬಿಡಬೇಕು.

ನಾನು ಮಷಿನ್ ಟೂಲ್ ಕಡೆಯವನು, ಹಳೇ ಮಿಲ್ಲಿಂಗ್ ಮಷಿನ್‌ಗಳಿಗೆ ಲಿನಕ್ಸ್‌ಸಿಎನ್‌ಸಿ (ಲಿನಕ್ಸಲ್ಲಿ ಮಷಿನ್ ನಡೆಸೋ ಸಾಫ್ಟ್‌ವೇರ್) ಹಾಕಿಕೊಡ್ತೀನಿ. ಅಲ್ಲಿ ಸರ್ವೋ ಥ್ರೆಡ್ ಸಾಮಾನ್ಯವಾಗಿ 1 ಮಿಲಿಸೆಕೆಂಡಿಗೊಮ್ಮೆ ಓಡಬೇಕು, ತಪ್ಪಿದ್ರೆ ಟೂಲ್ ಮೇಲೆ ಗೊತ್ತಾಗತ್ತೆ. ನಾವು ಪಾಲಿಸೋದು ಒಂದೇ ಮಾತು: ಓಡೋಕೆ ಶುರು ಮಾಡಿದ ಮೇಲೆ ಮೆಮೊರಿ ಕೇಳೋ ಹಾಗಿಲ್ಲ. ಬೇಕಾಗಿದ್ದೆಲ್ಲ ಮೊದಲೇ ತಗೊಂಡು, ಮುಟ್ಟಿ, ಬೀಗ ಹಾಕಿಟ್ಕೋಬೇಕು.

ಪ್ರೋಗ್ರಾಂ ಶುರುವಲ್ಲೇ ಎಂಲಾಕ್‌ಆಲ್ ಕರೀರಿ, ಈಗಿರೋದು ಮುಂದೆ ಬರೋದು ಎರಡಕ್ಕೂ. ಇದರಿಂದ ಕೋಡ್ ಪೇಜ್ ಸಮೇತ ಎಲ್ಲ ಮೆಮೊರಿಲೇ ಉಳಿಯತ್ತೆ. ಇದನ್ನ ಕರೆದ ಮೇಲೆ ಉತ್ತರ ಬಂತಾ ಇಲ್ವಾ ಪರೀಕ್ಷೆ ಮಾಡಿ, ಮಿತಿ ಕಮ್ಮಿ ಇದ್ರೆ ಕರೆ ಸೋಲತ್ತೆ, ಪ್ರೋಗ್ರಾಂ ಮಾತ್ರ ಏನೂ ಆಗದವರ ಹಾಗೆ ಓಡ್ತಾ ಇರತ್ತೆ. ಪ್ರಾಕ್ ಕೆಳಗೆ ನಿಮ್ಮ ಪ್ರೋಗ್ರಾಮಿನ ಸ್ಟೇಟಸ್ ಫೈಲಲ್ಲಿ ವಿಎಂಎಲ್‌ಸಿಕೆ ಸಾಲು ಸೊನ್ನೆ ಇದ್ರೆ ಬೀಗ ಬಿದ್ದಿಲ್ಲ ಅಂತ ಅರ್ಥ.

ನಿಮ್ಮದು 2 ಜಿಬಿ ಬೋರ್ಡ್, ಹಾಗಾಗಿ ಇನ್ನೊಂದು ವಿಷಯ ನೋಡ್ಕೊಳ್ಳಿ. ಲಿನಕ್ಸಲ್ಲಿ ಪ್ರತಿ ಥ್ರೆಡ್ಡಿನ ಸ್ಟ್ಯಾಕ್ (ಅದರ ಕೆಲಸದ ಜಾಗ) ಸಾಮಾನ್ಯವಾಗಿ 8 ಎಂಬಿ. ಮುಂದೆ ಬರೋದಕ್ಕೂ ಬೀಗ ಅಂದಿರೋದ್ರಿಂದ ಪ್ರತಿ ಹೊಸ ಥ್ರೆಡ್ಡಿನ ಸ್ಟ್ಯಾಕ್ ಪೂರ್ತಿಯಾಗಿ ಮೆಮೊರಿ ಹಿಡಿಯತ್ತೆ. ಹತ್ತು ಥ್ರೆಡ್ಡಿಗೆ 80 ಎಂಬಿ. ಥ್ರೆಡ್ ಹುಟ್ಟಿಸೋವಾಗಲೇ ಸ್ಟ್ಯಾಕ್ ಅಳತೆ ಕಮ್ಮಿ ಕೊಡಿ, ಒಂದೋ ಅರ್ಧವೋ ಎಂಬಿ ಬಹಳ ಆಯ್ತು.

ಮಾಲಾಕ್‌ಗೂ ಒಂದು ಅಭ್ಯಾಸ ಇದೆ. ಮೇಲ್ತುದಿಯಲ್ಲಿ ಬಿಟ್ಟ ಮೆಮೊರಿನ ಕರ್ನಲ್‌ಗೆ ವಾಪಸ್ ಕೊಡತ್ತೆ, ದೊಡ್ಡ ತುಂಡು ಕೇಳಿದ್ರೆ ಬೇರೆಯಾಗಿ ಎಂಮ್ಯಾಪ್ ಮಾಡತ್ತೆ (ಕರ್ನಲ್‌ನಿಂದ ನೇರವಾಗಿ ತಗೊಳ್ಳತ್ತೆ). ಕೊಟ್ಟಿದ್ದು ತಿರುಗಾ ತರೋವಾಗ ಮತ್ತೆ ಫಾಲ್ಟ್. ಮಾಲಾಪ್ಟ್ (ಮಾಲಾಕ್ ಸೆಟ್ಟಿಂಗ್ ಬದಲಿಸೋ ಕರೆ) ಮೂಲಕ ಟ್ರಿಮ್ ಮಿತಿಗೆ ಮೈನಸ್ ಒಂದು, ಎಂಮ್ಯಾಪ್ ಗರಿಷ್ಠಕ್ಕೆ ಸೊನ್ನೆ ಕೊಟ್ರೆ ಎರಡೂ ನಿಲ್ಲತ್ತೆ. ವೆಕ್ಟರ್‌ಗಳಿಗೆ ಮೊದಲೇ ಜಾಗ ಕಾದಿರಿಸಿ, ಲೂಪ್ ಒಳಗೆ ಸ್ಟ್ರಿಂಗ್ ಜೋಡಿಸಬೇಡಿ. ವಾಲ್ವ್ ಥ್ರೆಡ್ಡಿಂದ ಲಾಗ್ ಫೈಲಿಗೆ ಬರೀಲೇಬೇಡಿ. ಬರೆಯದೆ ಉಳಿದ ಪೇಜ್ ಮಿತಿ ಮೀರಿದಾಗ ಬರೆಯೋರನ್ನೇ ಕರ್ನಲ್ ತಡೆದು ನಿಲ್ಲಿಸತ್ತೆ.

ಮಾಲೂರು_ವಿದ್ಯಾರ್ಥಿ

ಒಂದು ಸಂದೇಹ. ಈ ಕೆಸ್ವಾಪ್‌ಡಿ, ಕ್ಯಾಶ್ ಇವೆಲ್ಲ ಇಷ್ಟು ತೊಂದರೆ ಕೊಡೋದಾದ್ರೆ ಪೂರ್ತಿ ಆಫ್ ಮಾಡೋಕೆ ಆಗಲ್ವಾ ಮೇಡಂ?

ಗೌರಿಬಿದನೂರು_ಪಾಠದ_ಮೇಡಂ

ಆಗುವುದಿಲ್ಲಪ್ಪ, ಆಗಬಾರದು ಕೂಡ. ಪೇಜಿಂಗ್ ಬಂದದ್ದೇ ಮೆಮೊರಿ ಸಾಲದಿದ್ದಾಗಲೂ ಪ್ರೋಗ್ರಾಂ ಓಡಲಿ ಎಂದು. ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ 1962ರಲ್ಲಿ ಇದನ್ನು ಮಾಡಿ ತೋರಿಸಿತು. ಪ್ರೋಗ್ರಾಮಿಗೆ ಸದ್ಯ ಬೇಕಾದ ಪೇಜ್‌ಗಳ ಗುಂಪು ಮೆಮೊರಿಯಲ್ಲಿ ಹಿಡಿಸದಿದ್ದರೆ ಯಂತ್ರ ಪೇಜ್ ತರುವುದರಲ್ಲೇ ಕಾಲ ಕಳೆಯುತ್ತದೆ ಎಂದು ಪೀಟರ್ ಡೆನ್ನಿಂಗ್ 1968ರಲ್ಲಿ ವಿವರಿಸಿದರು. ವರ್ಕಿಂಗ್ ಸೆಟ್, ಥ್ರ್ಯಾಶಿಂಗ್ ಎಂದು ಓದುತ್ತೀರಲ್ಲ, ಅದೇ. ಬಿಡಿಸಿಕೊಳ್ಳುವವರೇ ಇಲ್ಲದಿದ್ದರೆ ಮೆಮೊರಿ ತುಂಬಿದ ಕೂಡಲೇ ಔಟ್ ಆಫ್ ಮೆಮೊರಿ ಕಿಲ್ಲರ್ ಬಂದು ಯಾವುದೋ ಪ್ರೋಗ್ರಾಮನ್ನು ಕೊಲ್ಲುತ್ತದೆ. ದೊಡ್ಡದಾಗಿ ಮೆಮೊರಿ ಹಿಡಿದ ಸಾರ್ಟರ್ ಪ್ರೋಗ್ರಾಮೇ ಅದಕ್ಕೆ ಮೊದಲು ಕಾಣಬಹುದು.

ನಾವು ಮಾಡಬೇಕಾದದ್ದು ಈ ನಿರ್ವಹಣೆ ಮುಂಚಿತವಾಗಿ, ಸ್ವಲ್ಪಸ್ವಲ್ಪವಾಗಿ, ಬೇರೆ ಕೋರಿನಲ್ಲಿ ನಡೆಯುವಂತೆ ಏರ್ಪಡಿಸುವುದು. ಮಿನ್ ಫ್ರೀ ಕೆಬೈಟ್ಸ್ ಎಂಬ ಸೆಟ್ಟಿಂಗ್ ಹೆಚ್ಚಿಸಿದರೆ ಮೂರು ಗುರುತುಗಳೂ ಮೇಲೇರುತ್ತವೆ, ಕೆಸ್ವಾಪ್‌ಡಿ ಬೇಗ ಏಳುತ್ತದೆ. ಬರೆಯದೆ ಉಳಿಯಬಹುದಾದ ಪೇಜ್‌ಗಳ ಪಾಲು ರೂಢಿಯಂತೆ ನೂರಕ್ಕೆ 20, ಹಿನ್ನೆಲೆಯ ಬರವಣಿಗೆ ಶುರುವಾಗುವುದು ನೂರಕ್ಕೆ 10ಕ್ಕೆ. ನಿಧಾನದ ಪೆನ್‌ಡ್ರೈವ್‌ಗೆ ಇದು ಅತಿಯಾಯಿತು. ಶೇಕಡಾವಾರಿನ ಬದಲು ಬೈಟ್ ಲೆಕ್ಕದಲ್ಲಿ ಕೆಲವು ಎಂಬಿಗೆ ಇಳಿಸಿದರೆ ಗುಡ್ಡೆ ಬೀಳುವ ಮೊದಲೇ ಬರವಣಿಗೆ ನಡೆಯುತ್ತದೆ.

ಶಿರಾ_ಕಡ್ಲೆ

ಎಂಲಾಕ್‌ಆಲ್ ಹಾಕಿ, ಸ್ಟ್ಯಾಕ್ ಇಳಿಸಿ, ಲಾಗ್ ಬೇರೆ ಥ್ರೆಡ್ಡಿಗೆ ಕೊಟ್ಟು ಓಡಿಸಿದ್ವಿ. ಮೇಜರ್ ಫಾಲ್ಟ್ ಸೊನ್ನೆ. 20, 30ರ ಹೊಡೆತ ಪೂರ್ತಿ ಹೋಯ್ತು. ವಸಂತನರಸಾಪುರದ ಅಣ್ಣನಿಗೂ ಮೇಡಂಗೂ ನಮ್ಮ ಮನೆಯವರೆಲ್ಲರ ಕಡೆಯಿಂದ ಧನ್ಯವಾದ.

ಇನ್ನೂ ಒಂದು ಉಳಿದಿದೆ. ಯಾವಾಗಲೋ ಒಮ್ಮೆ 3, 4 ಮಿಲಿಸೆಕೆಂಡಿನ ತಡ ಬರತ್ತೆ. ಮೈನರ್ ಫಾಲ್ಟ್ ಎಣಿಕೆ ಆಗ ಏರತ್ತೆ. ಬೀಗ ಹಾಕಿದ ಮೆಮೊರಿಗೂ ಫಾಲ್ಟ್ ಆಗತ್ತಾ? ಹುಡುಗರು ಪರದೆ ಮೇಲೆ ಬೀಜದ ತಳಿ ಬದಲಿಸಿದಾಗ ಖಂಡಿತ ಬರತ್ತೆ. ಆಗ ಕ್ಯಾಮೆರಾ ಅಳತೆ ಬದಲಾಗತ್ತೆ.

ನರಸಾಪುರ_ಟೆಸ್ಟಿಂಗ್

ಆಗತ್ತೆ, ಇದು ಬಹಳ ಜನಕ್ಕೆ ತಿಳಿಯದ ವಿಷಯ. ಎಂಲಾಕ್ ಹೇಳೋದು "ಈ ಪೇಜನ್ನ ಮೆಮೊರಿಯಿಂದ ಹೊರಗೆ ಹಾಕಬೇಡ" ಅಂತ. "ಇದ್ದ ಜಾಗದಿಂದ ಅಲ್ಲಾಡಿಸಬೇಡ" ಅಂತ ಹೇಳಲ್ಲ. ಕರ್ನಲ್ ದೊಡ್ಡ ಒಂಟಿ ತುಂಡು ಬೇಕಾದಾಗ ಚದುರಿದ ಪೇಜ್‌ಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸತ್ತೆ, ಅದೇ ಕಾಂಪ್ಯಾಕ್ಷನ್. ಸಾಗಿಸೋ ಹೊತ್ತಲ್ಲಿ ನಿಮ್ಮ ಥ್ರೆಡ್ ಆ ಪೇಜ್ ಮುಟ್ಟಿದ್ರೆ, ಸಾಗಣೆ ಮುಗಿಯೋ ತನಕ ನಿಲ್ಲಬೇಕು. ಫಾಲ್ಟ್ ಮೈನರ್, ಕಾಯೋದು ಮಾತ್ರ ಮೈನರ್ ಅಲ್ಲ.

ಕಾಂಪ್ಯಾಕ್ಟ್ ಅನ್‌ಎವಿಕ್ಟಬಲ್ ಅಲೌಡ್ ಅನ್ನೋ ಸೆಟ್ಟಿಂಗ್ ಇದೆ. ಮಾಮೂಲಿ ಕರ್ನಲ್ಲಲ್ಲಿ 1, ಅಂದ್ರೆ ಬೀಗದ ಪೇಜನ್ನೂ ಸಾಗಿಸಬಹುದು. ಪ್ರಿಎಂಪ್ಟ್ ಆರ್‌ಟಿ (ಹೊತ್ತು ತಪ್ಪದ ಹಾಗೆ ತಿದ್ದಿದ) ಕರ್ನಲ್ಲಲ್ಲಿ ಇದೇ ಕಾರಣಕ್ಕೆ 0 ಇಟ್ಟಿದಾರೆ. ನೀವೂ 0 ಮಾಡಿ. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಕೂಡ ನೋಡ್ಕೊಳ್ಳಿ. 4 ಕೆಬಿ ಪೇಜ್‌ಗಳನ್ನ ಸೇರಿಸಿ 2 ಎಂಬಿ ಮಾಡೋಕೆ ಕೆಹ್ಯೂಜ್‌ಪೇಜ್‌ಡಿ ಹಿನ್ನೆಲೆಯಲ್ಲಿ ಓಡಾಡ್ತಿರತ್ತೆ. ಸರಾಸರಿ ವೇಗಕ್ಕೆ ಅದು ಒಳ್ಳೇದು, ನಿಮ್ಮ ಕೆಲಸಕ್ಕೆ ಅಲ್ಲ. ನೆವರ್ ಅಂತ ಇಡಿ.

ಆದ್ರೆ ನಿಮ್ಮಲ್ಲಿ ನನಗೆ ಹೆಚ್ಚು ಅನುಮಾನ ಕ್ಯಾಮೆರಾ ಮೇಲೆ. ಎಆರ್‌ಎಂ ಬೋರ್ಡ್‌ಗಳಲ್ಲಿ ಕ್ಯಾಮೆರಾ ಬಫರ್ ಬಹಳ ಸಲ ಸಿಎಂಎ ಅನ್ನೋ ಕಾದಿಟ್ಟ ಜಾಗದಿಂದ ಬರತ್ತೆ, ಅದು ಒಂದೇ ಸಾಲಾಗಿ ಇರಬೇಕಾದ ಮೆಮೊರಿ. ಕ್ಯಾಮೆರಾ ಬಳಸದೆ ಇರೋವಾಗ ಆ ಜಾಗನ ಕರ್ನಲ್ ಬೇರೆ ಪೇಜ್‌ಗಳಿಗೆ ಕೊಟ್ಟಿರತ್ತೆ. ನೀವು ತಳಿ ಬದಲಿಸಿದಾಗ ಹಳೇ ಬಫರ್ ಬಿಟ್ಟು ಹೊಸದು ಕೇಳ್ತೀರಿ, ಅಲ್ಲಿ ಸೇರ್ಕೊಂಡಿದ್ದ ಪೇಜ್‌ಗಳನ್ನೆಲ್ಲ ಆಗ ಎಬ್ಬಿಸಿ ಕಳಿಸಬೇಕು. ಮೇಲಿನ ಸೆಟ್ಟಿಂಗ್ ಕಾಂಪ್ಯಾಕ್ಷನ್‌ಗೆ ಮಾತ್ರ, ಸಿಎಂಎ ಅದನ್ನ ಕೇಳಲ್ಲ. ಎಲ್ಲಾ ತಳಿಗೂ ಸಾಕಾಗೋ ದೊಡ್ಡ ಅಳತೆಯ ಬಫರನ್ನ ಯಂತ್ರ ಶುರುವಲ್ಲೇ ತಗೊಂಡು, ಸ್ಟ್ರೀಮ್ ಮುಚ್ಚದೆ ಓಡಿಸಿ.

ವಸಂತನರಸಾಪುರ_ಸಿಎನ್‌ಸಿ

ಇದಕ್ಕೆ ಇನ್ನೊಂದು ಸೇರಿಸ್ತೀನಿ. ಫೋಟೋ ಉಳಿಸೋ ಕೆಲಸ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ಡಾ, ಬೇರೆ ಪ್ರೋಗ್ರಾಮಾ? ಒಂದೇ ಪ್ರೋಗ್ರಾಂ ಆಗಿದ್ರೆ ಎರಡೂ ಥ್ರೆಡ್ಡಿನ ಮೆಮೊರಿ ನಕ್ಷೆ ಒಂದೇ, ಅದಕ್ಕೆ ಎಂಮ್ಯಾಪ್ ಲಾಕ್ (ಆ ನಕ್ಷೆ ಕಾಯೋ ಬೀಗ, ಎಂಲಾಕ್ ಬೀಗ ಅಲ್ಲ) ಕೂಡ ಒಂದೇ. ಫೋಟೋ ಥ್ರೆಡ್ ದೊಡ್ಡ ತುಂಡು ತಗೊಂಡು ಬಿಡ್ತಾ ಇದ್ರೆ ಆ ಬೀಗ ಅದರ ಕೈಲಿರತ್ತೆ, ವಾಲ್ವ್ ಥ್ರೆಡ್ಡಿಗೆ ಅದೇ ಹೊತ್ತಲ್ಲಿ ಫಾಲ್ಟ್ ಆದ್ರೆ ಕಾಯಬೇಕು. ಕರ್ನಲ್ 6.4ರಿಂದ ಈ ಬೀಗನ ಸಣ್ಣ ಸಣ್ಣದಾಗಿ ಒಡೆದು ಫಾಲ್ಟ್‌ಗಳಿಗೆ ಹಗುರ ಮಾಡಿದಾರೆ, ಆದ್ರೂ ಪೂರ್ತಿ ಹೋಗಿಲ್ಲ. ಕಮ್ಮಿ ಆದ್ಯತೆಯವರ ಕೈಲಿ ಬೀಗ, ಹೆಚ್ಚಿನವರು ಹೊರಗೆ ಕಾಯೋದು. ಮಂಗಳಕ್ಕೆ ಹೋದ ಪಾತ್‌ಫೈಂಡರ್ 1997ರಲ್ಲಿ ಮತ್ತೆ ಮತ್ತೆ ರೀಸೆಟ್ ಆಗಿದ್ದೂ ಈ ಥರದ ಆದ್ಯತೆ ತಿರುವುಮುರುವಿನಿಂದಲೇ. ಅದರ ಬೀಗ ಬೇರೆ, ಕಥೆ ಇದೇ.

ಎಕ್ಸ್86 ಪಿಸಿಲಿ ಇನ್ನೂ ಒಂದು ತಲೆನೋವು. ಒಂದು ಥ್ರೆಡ್ ಮೆಮೊರಿ ಬಿಟ್ಟಾಗ ಅದೇ ಪ್ರೋಗ್ರಾಂ ಓಡ್ತಿರೋ ಬೇರೆ ಕೋರ್‌ಗಳಿಗೆ "ನಿನ್ನ ಟಿಎಲ್‌ಬಿ (ಪೇಜ್ ಎಲ್ಲಿದೆ ಅನ್ನೋ ಪಟ್ಟಿ) ನಮೂದು ಅಳಿಸು" ಅಂತ ಇಂಟರಪ್ಟ್ (ಕೈಯಲ್ಲಿರೋ ಕೆಲಸ ತಡೆಯೋ ಸೂಚನೆ) ಹೋಗತ್ತೆ. 64 ಬಿಟ್ ಎಆರ್‌ಎಂನಲ್ಲಿ ಅದನ್ನ ಹಾರ್ಡ್‌ವೇರೇ ಸಾರಿಬಿಡತ್ತೆ, ಹಾಗಾಗಿ ನಿಮಗೆ ಅಷ್ಟು ತೊಂದರೆ ಇಲ್ಲ. ಏನೇ ಆದ್ರೂ ಫೋಟೋ ಕೆಲಸನ ಬೇರೆ ಪ್ರೋಗ್ರಾಮಾಗಿ ಒಡೆದು, ಮಧ್ಯೆ ಹಂಚಿಕೊಂಡ ಒಂದು ಬಫರ್ ಇಡಿ. ಆ ಪ್ರೋಗ್ರಾಮನ್ನ ಶುರುವಲ್ಲೇ ಎಬ್ಬಿಸಿ. ವಾಲ್ವ್ ಪ್ರೋಗ್ರಾಂ ಓಡ್ತಿರೋವಾಗ ಅದರೊಳಗಿಂದ ಫೋರ್ಕ್ (ತನ್ನದೇ ನಕಲು ಹುಟ್ಟಿಸೋದು) ಮಾಡಬೇಡಿ. ಫೋರ್ಕ್ ಆದ ಕೂಡಲೇ ಬರೆಯೋ ಪೇಜ್‌ಗಳೆಲ್ಲ ಓದು ಮಾತ್ರ ಅಂತ ಆಗತ್ತೆ, ಆಮೇಲೆ ಒಂದೊಂದು ಪೇಜಿಗೆ ಮೊದಲ ಸಲ ಬರೆಯೋವಾಗಲೂ ಒಂದೊಂದು ಫಾಲ್ಟ್.

ಶಿಡ್ಲಘಟ್ಟ_ಬೋರ್ಡ್

ಎಲ್ಲಾ ಓದಿದೆ, ತುಂಬಾ ಕಲಿತೆ. ಆದ್ರೆ ನಾನು ಒಪ್ಪದ ಒಂದು ಮಾತಿದೆ. ಇಷ್ಟೆಲ್ಲ ಬೀಗ, ಗುರುತು, ಸೆಟ್ಟಿಂಗ್ ಯಾಕೆ? ನಾವು ರೇಷ್ಮೆ ರೀಲಿಂಗ್ ಘಟಕಗಳಿಗೆ ಮೋಟಾರ್ ಕಂಟ್ರೋಲ್ ಬೋರ್ಡ್ ಮಾಡ್ತೀವಿ. ಕಾರ್ಟೆಕ್ಸ್ ಎಂ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಸಣ್ಣ ಕಂಪ್ಯೂಟರ್), ಅದರಲ್ಲಿ ಪೇಜಿಂಗೇ ಇಲ್ಲ. ಫಾಲ್ಟ್ ಆಗಿ ಕಾರ್ಡ್ ಓದೋ ಮಾತೇ ಇಲ್ಲ. ಎಳೆ ಹರಿದ್ರೆ ಮೋಟಾರ್ ನಿಲ್ಲಲೇಬೇಕು, ನಿಲ್ಲತ್ತೆ. ವಾಲ್ವ್ ಹೊಡೆಯೋ ಕೆಲಸ ಲಿನಕ್ಸಿಗೆ ಕೊಟ್ಟಿದ್ದೇ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ವಸಂತನರಸಾಪುರ_ಸಿಎನ್‌ಸಿ

ಅರ್ಧ ಒಪ್ಪತೀನಿ. ಆದ್ರೆ ತೀರ್ಮಾನ ಮಾಡೋದು ಲಿನಕ್ಸಲ್ಲೇ ತಾನೇ? ಅದು 50 ಮಿಲಿಸೆಕೆಂಡ್ ದಾಟಿ ತಡ ಮಾಡಿದ್ರೆ ಮೈಕ್ರೋಕಂಟ್ರೋಲರ್ ಎಷ್ಟು ಚುರುಕಾಗಿದ್ರೂ ಬೀಜ ಕೆಳಗೆ ಬಿದ್ದಾಗಿರತ್ತೆ. ಮೊದಲಿನ 30 ಮಿಲಿಸೆಕೆಂಡ್ ತಡ ಎರಡು ಕಡೆ ಸೇರಿದ್ರೆ ಗಡುವು ಹೋಯ್ತು. ಮೆಮೊರಿ ಸರಿ ಮಾಡೋ ಕೆಲಸ ಹೇಗೂ ತಪ್ಪಲ್ಲ.

ಮೈಕ್ರೋಕಂಟ್ರೋಲರಲ್ಲೂ ಮೆಮೊರಿ ಕಾಟ ಪೂರ್ತಿ ಇಲ್ಲ ಅನ್ನೋ ಹಾಗಿಲ್ಲ. ಫ್ರೀಆರ್‌ಟಿಒಎಸ್ (ಮೈಕ್ರೋಕಂಟ್ರೋಲರಿನ ಪುಟ್ಟ ಆಪರೇಟಿಂಗ್ ಸಿಸ್ಟಂ) ಜೊತೆ ಐದು ಥರದ ಹೀಪ್ (ಮೆಮೊರಿ ಹಂಚೋ ವಿಧಾನ) ಕೊಡ್ತಾರೆ. ಹೀಪ್ 1 ಮೆಮೊರಿ ಕೊಡತ್ತೆ, ವಾಪಸ್ ತಗೊಳ್ಳೋದೇ ಇಲ್ಲ, ಹಾಗಾಗಿ ಅದರ ಕಾಲ ನಂಬಬಹುದು. ಹೀಪ್ 4 ಬಿಟ್ಟ ತುಂಡುಗಳನ್ನ ಜೋಡಿಸಿ ಇಡತ್ತೆ, ಖಾಲಿ ಪಟ್ಟಿಲಿ ಹುಡುಕಬೇಕು, ಹಾಗಾಗಿ ಎಷ್ಟು ಹೊತ್ತು ಅಂತ ಖಚಿತ ಇಲ್ಲ.

ಶಿಡ್ಲಘಟ್ಟ_ಬೋರ್ಡ್

ಅದು ನಿಜ ಸರ್. ನಾವು ಎಲ್ಲಾ ಬಫರ್‌ಗಳನ್ನೂ ಸ್ಥಿರವಾಗಿ ಇಡ್ತೀವಿ, ಹೀಪ್ ಮುಟ್ಟೋದೇ ಇಲ್ಲ, ಅದಕ್ಕೇ ಆ ನೋವು ಮರೆತಿದ್ದೆ. ಹಾಗಾದ್ರೆ ಎರಡೂ ಸೇರಿಸೋಣ. ಕ್ಯಾಮೆರಾ ಗೆರೆ ದಾಟಿದ ಕ್ಷಣನ ಮೈಕ್ರೋಕಂಟ್ರೋಲರಿನ ಟೈಮರಲ್ಲೇ ಗುರುತು ಹಾಕಿ. ಲಿನಕ್ಸ್ ತೀರ್ಮಾನ ಮಾಡಿ "ಈ ವಾಲ್ವ್, ಈ ಕ್ಷಣಕ್ಕೆ" ಅಂತ ಸಾಲಿಗೆ ಹಾಕಲಿ. ಹೊಡೆಯೋದು ಟೈಮರ್. ಆಗ ಲಿನಕ್ಸಿಗೆ 1 ಮಿಲಿಸೆಕೆಂಡಿನ ಖಚಿತತೆ ಬೇಡ, 40ರೊಳಗೆ ಉತ್ತರ ಕೊಟ್ರೆ ಸಾಕು. ಗಡುವು ದಾಟಿ ಬಂದ ಆದೇಶನ ಹೊಡೀದೆ ಎಣಿಸಿ ಇಡಿ, ಇಲ್ಲದಿದ್ರೆ ಒಳ್ಳೇ ಬೀಜ ಹಾರತ್ತೆ.

ಗೌರಿಬಿದನೂರು_ಪಾಠದ_ಮೇಡಂ

ಇದು ನನಗೆ ಬಹಳ ಹಿಡಿಸಿತು. ಎಣಿಸಿ ಇಡಿ ಎಂದದ್ದಂತೂ ಎಲ್ಲರೂ ಮಾಡಬೇಕಾದ ಕೆಲಸ. ತಡ ಆದದ್ದು ಯಂತ್ರಕ್ಕೇ ಗೊತ್ತಿದ್ದರೆ ಆ ಹೊತ್ತಿನ ಬೀಜವನ್ನು ಮತ್ತೊಮ್ಮೆ ಚ್ಯೂಟಿಗೆ ಹಾಕಬಹುದು.

ನರಸಾಪುರ_ಟೆಸ್ಟಿಂಗ್

ಅಳೆಯೋ ಬಗ್ಗೆ ಎರಡು ಮಾತು, ನನ್ನ ಕೆಲಸವೇ ಅದು. ಖಾಲಿ ಯಂತ್ರದ ಮೇಲೆ ಸೈಕ್ಲಿಕ್‌ಟೆಸ್ಟ್ (ಥ್ರೆಡ್ ಏಳೋ ತಡ ಅಳೆಯೋ ಪ್ರೋಗ್ರಾಂ) ಓಡಿಸಿ "ಗರಿಷ್ಠ 80 ಮೈಕ್ರೋಸೆಕೆಂಡ್" ಅಂತ ಖುಷಿ ಪಡಬೇಡಿ. ಸೈಕ್ಲಿಕ್‌ಟೆಸ್ಟ್ ತಾನು ಎಂಲಾಕ್ ಮಾಡ್ಕೊಂಡಿರಬಹುದು, ನಿಮ್ಮ ಪ್ರೋಗ್ರಾಂ ಮಾಡಿರಲ್ಲ. ಪೆನ್‌ಡ್ರೈವ್‌ಗೆ ನಕಲು, ಪರದೆ ಮೇಲೆ ತಳಿ ಬದಲು, ಸ್ಟ್ರೆಸ್ ಎನ್‌ಜಿಯಿಂದ ಮೆಮೊರಿ ಒತ್ತಡ, ಎಲ್ಲ ಒಟ್ಟಿಗೆ ಹಾಕಿ ರಾತ್ರಿಯೆಲ್ಲ ಓಡಿಸಿ. ಸರಾಸರಿ ನೋಡಬೇಡಿ, ಅತಿ ಕೆಟ್ಟ ಸಂಖ್ಯೆ ನೋಡಿ. ವಿಷ ಇರೋ ಬೀಜ ಸರಾಸರಿಯಾಗಿ ಬರಲ್ಲ.

ತಡ ಎಲ್ಲಿಂದ ಬಂತು ಅಂತ ತಿಳಿಯೋಕೆ ಆರ್‌ಟಿಎಲ್‌ಎ ಅನ್ನೋ ಉಪಕರಣ ಇದೆ, ಅದರಲ್ಲಿ ಟೈಮರ್‌ಲ್ಯಾಟ್, ಓಎಸ್‌ನಾಯ್ಸ್ ಎರಡು ಭಾಗ. ಮಿತಿ ಮೀರಿದ ಕೂಡಲೇ ಟ್ರೇಸ್ ನಿಲ್ಲಿಸಿ, ಆ ಹೊತ್ತಲ್ಲಿ ಯಾವ ಇಂಟರಪ್ಟ್, ಯಾವ ಥ್ರೆಡ್ ಅಡ್ಡ ಬಂತು ಅಂತ ತೋರಿಸತ್ತೆ. ಇದನ್ನ ಬರೆದ ಡೇನಿಯಲ್ ಬ್ರಿಸ್ಟಾಟ್ ದೆ ಒಲಿವೇರಾ 2024ರಲ್ಲಿ ತೀರಿಕೊಂಡರು. ಅದೇ ವರ್ಷ, ಅವರೂ ದುಡಿದಿದ್ದ ಪ್ರಿಎಂಪ್ಟ್ ಆರ್‌ಟಿ ಮುಖ್ಯ ಕರ್ನಲ್ಲಿಗೆ 6.12ರಲ್ಲಿ ಸೇರಿತು, ಸುಮಾರು ಇಪ್ಪತ್ತು ವರ್ಷ ಹೊರಗಿನ ಪ್ಯಾಚ್ ಆಗಿದ್ದ ಮೇಲೆ. ನಮ್ಮಂಥೋರ ಸಣ್ಣ ಘಟಕಗಳೂ ಅವರಿಗೆಲ್ಲ ಋಣಿ.

ಶಿರಾ_ಕಡ್ಲೆ

ಮಾಡಿದ್ದು ಇಷ್ಟು. ಕ್ಯಾಮೆರಾ ಬಫರ್ ಶುರುವಲ್ಲೇ ದೊಡ್ಡ ಅಳತೆಗೆ ತಗೊಂಡ್ವಿ, ತಳಿ ಬದಲಾದ್ರೆ ಚಿತ್ರದ ಬೇಡದ ಭಾಗ ಬಿಡ್ತೀವಿ ಅಷ್ಟೇ. ಫೋಟೋ ಕೆಲಸ ಬೇರೆ ಪ್ರೋಗ್ರಾಂ ಆಯ್ತು. ಹ್ಯೂಜ್ ಪೇಜ್ ನೆವರ್, ಕಾಂಪ್ಯಾಕ್ಷನ್ ಸೆಟ್ಟಿಂಗ್ 0. ನಾಲ್ಕನೇ ಕೋರ್ ಪೂರ್ತಿ ವಾಲ್ವ್‌ಗೆ ಮೀಸಲು. ನರಸಾಪುರದವರು ಹೇಳಿದ ಹಾಗೆ ಎಲ್ಲಾ ಒತ್ತಡ ಒಟ್ಟಿಗೆ ಹಾಕಿ ರಾತ್ರಿ ಓಡಿಸಿದ್ವಿ. ಬೆಳಿಗ್ಗೆ ನೋಡಿದ್ರೆ ಅತಿ ಕೆಟ್ಟ ತಡ ಅರ್ಧ ಮಿಲಿಸೆಕೆಂಡ್ ಒಳಗಿತ್ತು. ಬೀಜದ ಲೆಕ್ಕದಲ್ಲಿ ಒಂದೂವರೆ ಮಿಲಿಮೀಟರ್.

ಆದ್ರೂ ಶಿಡ್ಲಘಟ್ಟದವರ ಟೈಮರ್ ಕಾರ್ಡ್ ಮಾಡೋದು ಅಂತ ತೀರ್ಮಾನ ಮಾಡಿದೀವಿ, ಮುಂದೆ ಯಾರಾದ್ರೂ ಬೋರ್ಡಿಗೆ ಅಪ್‌ಡೇಟ್ ಹಾಕಿ ಸೆಟ್ಟಿಂಗ್ ಅಳಿಸಿಬಿಟ್ರೂ ಹೊಡೆತ ತಪ್ಪಬಾರದು. ಮುಂಗಾರಿನ ಬೆಳೆ ಕಿತ್ತು ಕಾಯಿ ಬರೋಕೆ ಮುಂಚೆ ಮುಗಿಸಬೇಕು. ವಾಲ್ವ್ 24 ವೋಲ್ಟ್, ಮೈಕ್ರೋಕಂಟ್ರೋಲರ್ 3.3. ಮಧ್ಯೆ ಏನು ಹಾಕೋದು?

ಹಿರೇಹಳ್ಳಿ_ನ್ಯೂಮ್ಯಾಟಿಕ್

ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋದು) ಹಾಕಿ, ಅದರ ಮುಂದೆ ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡೋ ಟ್ರಾನ್ಸಿಸ್ಟರ್). ವಾಲ್ವ್ ಕಾಯಿಲ್ ಮೇಲೆ ಬರೀ ಡಯೋಡ್ ಹಾಕಿದ್ರೆ ವಾಲ್ವ್ ಮುಚ್ಚೋದು ನಿಧಾನ ಆಗತ್ತೆ, ಜೊತೆಗೆ ಝೀನರ್ ಒಂದು ಸರಣಿಯಲ್ಲಿ ಸೇರಿಸಿ. ಕಾಯಿಲ್ ಕರೆಂಟ್ ಎಷ್ಟು ಅಂತ ಹಾಕಿ, ಮಾಸ್‌ಫೆಟ್ ಯಾವುದು ಅಂತ ಹೇಳ್ತೀನಿ.